ಇಂಗಾಲದ ಹಲವು ರೂಪಗಳು

ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿ ಇಂಗಾಲದ ಬಹುರೂಪಗಳನ್ನು ಕುರಿತ ಪಾಠವು ಸಾಮಾನ್ಯವಾಗಿ ಒಂದು ಪಟ್ಟಿಯ ಆಕಾರದಲ್ಲಿರುತ್ತದೆ. ಎಡಗಡೆ ವಜ್ರ, ಬಲಗಡೆ ಗ್ರಾಫೈಟು. ವಜ್ರ ಕಠಿಣ, ಗ್ರಾಫೈಟು ಮೃದು. ವಜ್ರ ಪಾರದರ್ಶಕ, ಗ್ರಾಫೈಟು ಕಪ್ಪು. ವಜ್ರ ವಿದ್ಯುತ್ತನ್ನು ಹರಿಯಗೊಡದು, ಗ್ರಾಫೈಟು ಹರಿಯಗೊಡುವುದು. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆಯುತ್ತಾರೆ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ಪ್ರಶ್ನೆಗಳು ಆ ಪಟ್ಟಿಯ ಹೊರಗೇ ಉಳಿದುಬಿಡುತ್ತವೆ. ಕಣ್ಣಿಗೆ ಯಾವ ವಿಧದಲ್ಲಿಯೂ ಒಂದನ್ನೊಂದು ಹೋಲದ ಈ ಎರಡು ವಸ್ತುಗಳೂ ಒಂದೇ ಧಾತುವೆಂದು ತಿಳಿದದ್ದು ಹೇಗೆ? ಒಂದೇ ಧಾತುವಾದ ಪಕ್ಷದಲ್ಲಿ ಇಷ್ಟೊಂದು ಅಂತರವೇಕೆ? ಗುರುಗಳು ಹೇಳಿದರೆಂದು ಮಕ್ಕಳು ನಂಬುತ್ತಾರೆ. ಪುಸ್ತಕದಲ್ಲಿದೆಯೆಂದು ಗುರುಗಳು ಹೇಳುತ್ತಾರೆ. ವಿಜ್ಞಾನದ ಪಾಠವು ಹೀಗೆ ನಂಬಿಕೆಯ ಮೇಲೆಯೇ ನಡೆದುಹೋಗುವುದು ಉಚಿತವಲ್ಲವಾದ್ದರಿಂದ, ಈ ಲೇಖನದಲ್ಲಿ ಆ ಎರಡು ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ಹೊರಟಿದ್ದೇನೆ.

ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತದ್ದು ಬೆಂಕಿಯಿಂದ. ೧೭೭೨ರಲ್ಲಿ ಫ್ರಾನ್ಸಿನ ಲವಾಸಿಯೇ ಮತ್ತು ಅವನ ಸಂಗಡಿಗರು ದೊಡ್ಡ ಮಸೂರದ ನೆರವಿನಿಂದ ಸೂರ್ಯನ ಕಿರಣಗಳನ್ನು ವಜ್ರದ ಮೇಲೆ ಕೇಂದ್ರೀಕರಿಸಿ ಅದನ್ನು ಸುಟ್ಟರು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ವಜ್ರವು ಮಾಯವಾಯಿತು. ಉಳಿದ ವಾಯುವು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸಿತು. ಇದ್ದಿಲನ್ನು ಸುಟ್ಟಾಗಲೂ ಇದೇ ವಾಯು ಬರುತ್ತದೆಂಬುದು ಅವನಿಗೆ ತಿಳಿದಿತ್ತು. ಆದರೂ ವಜ್ರವೆಂದರೆ ಇದ್ದಿಲೇ ಎಂದು ಘೋಷಿಸುವ ಧೈರ್ಯವನ್ನು ಅವನು ಮಾಡಲಿಲ್ಲ. ಅವನ ಈ ಹಿಂಜರಿಕೆಯನ್ನು ನಾನು ಮೆಚ್ಚುತ್ತೇನೆ. ಎರಡು ವಸ್ತುಗಳು ಒಂದೇ ವಾಯುವನ್ನು ಕೊಟ್ಟಮಾತ್ರಕ್ಕೆ ಅವು ಒಂದೇ ಎಂದು ಸಿದ್ಧವಾಗುವುದಿಲ್ಲ. ವಜ್ರದೊಳಗೆ ಇಂಗಾಲದ ಜೊತೆಗೆ ಮತ್ತೇನಾದರೂ ಇದ್ದಿರಬಹುದಲ್ಲವೆ? ತೂಕ ಮಾಡದೆ ಆ ಸಂದೇಹ ಪರಿಹಾರವಾಗದು. ತೂಕ ಮಾಡಿದವನು ಇಂಗ್ಲೆಂಡಿನ ಸ್ಮಿತ್‌ಸನ್ ಟೆನೆಂಟ್. ೧೭೯೭ರಲ್ಲಿ ಅವನು ವಜ್ರವನ್ನು ಪೆಟ್ಲುಪ್ಪಿನೊಡನೆ ಚಿನ್ನದ ಕೊಳವೆಯಲ್ಲಿ ಕಾಯಿಸಿ ಸುಟ್ಟು, ಸಮತೂಕದ ವಜ್ರ ಮತ್ತು ಇದ್ದಿಲುಗಳಿಂದ ಸಮಪ್ರಮಾಣದ ಇಂಗಾಲದ ಡೈಆಕ್ಸೈಡು ಬರುತ್ತದೆಂದು ತೋರಿಸಿದನು. ಅಲ್ಲಿಗೆ ಮಾತು ಮುಗಿಯಿತು. ೧೮೧೪ರಲ್ಲಿ ಹಂಫ್ರಿ ಡೇವಿಯು ತನ್ನ ಸಹಾಯಕ ತರುಣ ಫ್ಯಾರಡೆಯೊಡನೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮತ್ತೊಮ್ಮೆ ವಜ್ರವನ್ನು ಸುಟ್ಟು ಇದನ್ನೇ ದೃಢಪಡಿಸಿದನು.

ಗ್ರಾಫೈಟಿನ ಕಥೆಯೂ ಹೀಗೆಯೇ. ಇಂಗ್ಲೆಂಡಿನ ಬಾರೊಡೇಲ್ ಕಣಿವೆಯಲ್ಲಿ ಹದಿನಾರನೆಯ ಶತಮಾನದಲ್ಲಿ ದೊರೆತ ಈ ಕಪ್ಪು ಕಲ್ಲನ್ನು ಜನರು ಸೀಸದ ಅದಿರೆಂದು ಭಾವಿಸಿದರು. ಈಗಲೂ ನಾವು ಪೆನ್ಸಿಲಿನ ಒಳಗಿರುವುದನ್ನು ಸೀಸವೆಂದೇ ಕರೆಯುತ್ತೇವೆ. ಅದರಲ್ಲಿ ಸೀಸದ ಲೇಶವೂ ಇಲ್ಲ. ಸ್ವೀಡನ್ನಿನ ಶೀಲೆ ೧೭೭೯ರಲ್ಲಿ ಅದು ಇಂಗಾಲದ ಒಂದು ರೂಪವೆಂದು ಕಂಡುಕೊಂಡನು. ಬರೆಯುವುದೆಂಬ ಅರ್ಥದ ಗ್ರೀಕ್ ಧಾತುವಿನಿಂದ ೧೭೮೯ರಲ್ಲಿ ವರ್ನರ್ ಎಂಬ ಖನಿಜಶಾಸ್ತ್ರಜ್ಞನು ಅದಕ್ಕೆ ಗ್ರಾಫೈಟೆಂದು ಹೆಸರಿಟ್ಟನು.

ವಜ್ರವನ್ನು ಸುಟ್ಟರೆ ಬೂದಿ ಬರುತ್ತದೆಯೆ ಎಂದು ಮಕ್ಕಳು ಕೇಳುವುದುಂಟು. ಬಹಳ ಒಳ್ಳೆಯ ಪ್ರಶ್ನೆ. ಶುದ್ಧ ವಜ್ರ ಬೂದಿಯನ್ನು ಉಳಿಸುವುದಿಲ್ಲ. ಒಲೆಯ ಬೂದಿ ಇಂಗಾಲವಲ್ಲ. ಗಿಡವು ನೆಲದಿಂದ ಹೀರಿಕೊಂಡಿದ್ದ ಸುಣ್ಣ, ಪೊಟ್ಯಾಸಿಯಮ್, ಮರಳು ಮೊದಲಾದವುಗಳ ಅಂಶ, ಇಂಗಾಲವೆಲ್ಲ ಹೊರಟುಹೋದ ಮೇಲೆ ಉಳಿದದ್ದು. ಸಗಣಿಯ ಬೆರಣಿಯನ್ನು ಸುಟ್ಟು ವಿಭೂತಿಯನ್ನು ಸಿದ್ಧಪಡಿಸುವವರು ಇದನ್ನು ಪುಸ್ತಕವಿಲ್ಲದೆಯೇ ಬಲ್ಲರು. ಭಸ್ಮದಲ್ಲಿ ಕರಿಯ ಛಾಯೆ ಉಳಿದಿದ್ದರೆ ಇಂಗಾಲ ಇನ್ನೂ ಇದೆ, ಸುಡುವುದು ಪೂರ್ಣವಾಗಿಲ್ಲ ಎಂದರ್ಥ.

ಇನ್ನು ಎರಡನೆಯ ಪ್ರಶ್ನೆ. ಇಂಗಾಲದ ಪರಮಾಣುವಿನ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳಿವೆ. ಇವುಗಳನ್ನು ನೆರೆಯ ಪರಮಾಣುಗಳೊಡನೆ ಹಂಚಿಕೊಂಡು ಅದು ನಾಲ್ಕು ಬಂಧಗಳನ್ನು ರಚಿಸಬಲ್ಲುದು. ಆ ನಾಲ್ಕು ಎಲೆಕ್ಟ್ರಾನುಗಳನ್ನು ಹೇಗೆ ಹಂಚಿಕೊಂಡಿತೆಂಬುದರಲ್ಲಿಯೇ ಎಲ್ಲ ರಹಸ್ಯವೂ ಅಡಗಿದೆ.

ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ನಾಲ್ಕು ನೆರೆಯವರನ್ನು ಸಮಾನ ಬಲದಿಂದ ಹಿಡಿದುಕೊಂಡಿರುತ್ತದೆ. ಈ ನಾಲ್ವರು ಒಂದೇ ಸಮತಲದಲ್ಲಿಲ್ಲ. ಒಂದು ಚತುಷ್ಫಲಕದ ನಾಲ್ಕು ಮೂಲೆಗಳಲ್ಲಿದ್ದಾರೆ. ಬಂಧಗಳ ನಡುವಣ ಕೋನ ಸುಮಾರು ೧೦೯.೫ ಡಿಗ್ರಿ, ಪರಮಾಣುಗಳ ನಡುವಣ ಅಂತರ ೦.೧೫೪ ನ್ಯಾನೊಮೀಟರು, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಆರರಲ್ಲಿ ಒಂದು ಪಾಲಿಗಿಂತ ಕೊಂಚ ಕಡಿಮೆ. ಕ್ಷಕಿರಣಗಳ ನೆರವಿನಿಂದ ಈ ರಚನೆಯನ್ನು ೧೯೧೩ರಲ್ಲಿ ಕಂಡುಹಿಡಿದವರು ಬ್ರಾಗ್ ಎಂಬ ತಂದೆ ಮಕ್ಕಳು. ಹೀಗೆ ನಾಲ್ಕು ದಿಕ್ಕಿಗೂ ಹೆಣೆದುಕೊಂಡ ಈ ಬಲೆಯಲ್ಲಿ ಎಲ್ಲಿಯೂ ದುರ್ಬಲವಾದ ಎಳೆಯಿಲ್ಲ. ಇಡೀ ವಜ್ರವೇ ಒಂದು ಮಹಾ ಅಣುವೆಂದರೂ ತಪ್ಪಾಗದು. ಆದುದರಿಂದಲೇ ಅದು ಸಹಜ ವಸ್ತುಗಳಲ್ಲೆಲ್ಲ ಅತ್ಯಂತ ಕಠಿಣವಾದುದು. ವಜ್ರವನ್ನು ಉಜ್ಜಲು ವಜ್ರದ ಪುಡಿಯೇ ಬೇಕು. ನಾಲ್ಕು ಎಲೆಕ್ಟ್ರಾನುಗಳೂ ಬಂಧಗಳಲ್ಲಿ ಕಟ್ಟುಬಿದ್ದಿರುವುದರಿಂದ ಅಲೆದಾಡಲು ಯಾವುದೂ ಉಳಿಯುವುದಿಲ್ಲ. ಆದಕಾರಣ ವಿದ್ಯುತ್ತು ಹರಿಯದು, ಕಣ್ಣಿಗೆ ಕಾಣುವ ಬೆಳಕನ್ನು ಹೀರಿಕೊಳ್ಳುವವರೂ ಇಲ್ಲ, ಬೆಳಕು ಒಳಹೊಕ್ಕು ಹೊರಬರುತ್ತದೆ. ವಕ್ರೀಭವನಾಂಕ ೨.೪೨ರಷ್ಟು ಹೆಚ್ಚಾಗಿರುವುದರಿಂದ ಚೆನ್ನಾಗಿ ಮುಖಕೊಯ್ದ ಹರಳಿನೊಳಗೆ ಬೆಳಕು ಹಲವು ಬಾರಿ ಪ್ರತಿಫಲಿಸಿ ಮೇಲ್ಮುಖದಿಂದಲೇ ಹೊರಬಂದು ಹೊಳೆಯುತ್ತದೆ.

ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಗುಣ ವಜ್ರಕ್ಕಿದೆ. ವಿದ್ಯುತ್ತನ್ನು ತಡೆಯುವ ವಸ್ತುಗಳು ಬಹುಮಟ್ಟಿಗೆ ಉಷ್ಣವನ್ನೂ ತಡೆಯುತ್ತವೆ. ವಜ್ರ ಮಾತ್ರ ಉಷ್ಣವನ್ನು ತಾಮ್ರಕ್ಕಿಂತ ಸುಮಾರು ಐದು ಪಟ್ಟು ಸುಲಭವಾಗಿ ಸಾಗಿಸುತ್ತದೆ. ಹಗುರವಾದ ಪರಮಾಣುಗಳು, ಬಿಗಿಯಾದ ಬಂಧಗಳು. ಒಂದು ಕಡೆ ಕಂಪನವೆದ್ದರೆ ಬಿಗಿದ ತಂತಿಯಲ್ಲೆಂಬಂತೆ ಅದು ಕ್ಷಣಮಾತ್ರದಲ್ಲಿ ಮತ್ತೊಂದು ಕಡೆ ಮುಟ್ಟುತ್ತದೆ. ಹರಳಿನ ವ್ಯಾಪಾರಿಗಳು ಗಾಜು ಯಾವುದು, ವಜ್ರ ಯಾವುದು ಎಂದು ಪರೀಕ್ಷಿಸಲು ಬಳಸುವ ಚಿಕ್ಕ ಉಪಕರಣ ಅಳೆಯುವುದು ಇದನ್ನೇ.

ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಬ್ರೆಜಿಲಿನಲ್ಲಿ ವಜ್ರ ದೊರೆಯುವವರೆಗೆ ಪ್ರಪಂಚದ ವಜ್ರಗಳಲ್ಲಿ ಬಹುಪಾಲು ನಮ್ಮ ದೇಶದ್ದೇ ಆಗಿತ್ತೆಂಬುದು ವಾಚಕರಿಗೆ ತಿಳಿದ ವಿಷಯ. ಗೋಲ್ಕೊಂಡದ ವಜ್ರಗಳೆಂದು ಖ್ಯಾತವಾದವು ಗೋಲ್ಕೊಂಡದಲ್ಲಿ ಸಿಕ್ಕವಲ್ಲ. ಅದು ಮಾರಾಟದ ಸ್ಥಳ. ಗಣಿಗಳಿದ್ದುದು ಕೃಷ್ಣಾ ನದಿಯ ದಂಡೆಯ ಕೊಲ್ಲೂರು ಮೊದಲಾದ ಕಡೆ. ಇಂದು ಅಮೆರಿಕದ ವಸ್ತುಸಂಗ್ರಹಾಲಯದಲ್ಲಿರುವ ೪೫.೫೨ ಕ್ಯಾರೆಟ್ಟಿನ ನೀಲಿ ಹೋಪ್ ವಜ್ರ ನಮ್ಮ ಈ ನೆಲದಿಂದಲೇ ಹೋದದ್ದು. ಅದರ ನೀಲಿಗೆ ಕಾರಣ ಇಂಗಾಲದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಸೇರಿಕೊಂಡ ಬೋರಾನ್ ಪರಮಾಣುಗಳು. ಸಾರಜನಕ ಸೇರಿದರೆ ವಜ್ರ ಹಳದಿಯಾಗುತ್ತದೆ. ನಮ್ಮ ಬಳ್ಳಾರಿಗೆ ದೂರವಲ್ಲದ, ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಇಂದಿಗೂ ಮುಂಗಾರು ಮಳೆ ಬಿದ್ದೊಡನೆ ಜನ ಹೊಲಗಳಲ್ಲಿ ಹರಳು ಹುಡುಕುತ್ತಾರೆ. ಅಲ್ಲಿ ನೆಲದಾಳದಿಂದ ವಜ್ರವನ್ನು ಹೊತ್ತು ತಂದ ಕಿಂಬರ್ಲೈಟ್ ಎಂಬ ಶಿಲೆಯ ಕೊಳವೆಗಳಿವೆ.

ಕಲ್ಲಿದ್ದಲೇ ಭೂಗರ್ಭದ ಒತ್ತಡದಿಂದ ವಜ್ರವಾಗುತ್ತದೆಂಬ ಮಾತನ್ನು ಭಾಷಣಗಳಲ್ಲಿ ಬಹಳವಾಗಿ ಕೇಳುತ್ತೇವೆ. ಕಷ್ಟವನ್ನು ಸಹಿಸಿದವನು ವಜ್ರವಾಗುತ್ತಾನೆಂದು ಬೋಧಿಸಲು ಅದು ಅನುಕೂಲವಾದ ದೃಷ್ಟಾಂತವೇ ಸರಿ. ಆದರೆ ವಸ್ತುಸ್ಥಿತಿ ಹಾಗಿಲ್ಲ. ಭಾರತದ ಗೊಂಡ್ವಾನ ಕಲ್ಲಿದ್ದಲು ಮೂವತ್ತು ಕೋಟಿ ವರ್ಷಗಳಿಗಿಂತ ಈಚಿನದು. ಸಹಜ ವಜ್ರಗಳಲ್ಲಿ ಬಹುಪಾಲು ೧೦೦ ಕೋಟಿಯಿಂದ ೩೦೦ ಕೋಟಿ ವರ್ಷಗಳಷ್ಟು ಹಳೆಯವು. ನೆಲದ ಮೇಲೆ ಮರಗಿಡಗಳೇ ಇಲ್ಲದಿದ್ದ ಕಾಲಕ್ಕೆ ಸೇರಿದವು. ಅವು ಹುಟ್ಟಿದ್ದು ಸುಮಾರು ೧೫೦ರಿಂದ ೨೦೦ ಕಿಲೋಮೀಟರು ಆಳದಲ್ಲಿ. ಕಲ್ಲಿದ್ದಲಿನ ಸ್ತರಗಳಾದರೋ ಮೇಲ್ಪದರದಲ್ಲಿಯೇ ಇವೆ. ವಜ್ರದ ಪುಡಿ ಘೋರವಿಷವೆಂಬ ನಂಬಿಕೆಯೂ ಇಂಥದೇ. ಹೊಟ್ಟೆಯ ಆಮ್ಲವಿರಲಿ, ಪ್ರಯೋಗಶಾಲೆಯ ಪ್ರಬಲ ಆಮ್ಲಗಳೂ ಅದನ್ನು ಮುಟ್ಟಲಾರವು.

ಗ್ರಾಫೈಟಿನಲ್ಲಿ ಪರಮಾಣು ತನ್ನ ನಾಲ್ಕು ಎಲೆಕ್ಟ್ರಾನುಗಳಲ್ಲಿ ಮೂರನ್ನು ಮಾತ್ರ ನೆರೆಯ ಮೂವರೊಡನೆ ಬಿಗಿಯಾದ ಬಂಧಗಳಿಗೆ ತೊಡಗಿಸುತ್ತದೆ. ಮೂರು ಬಂಧಗಳೂ ಒಂದೇ ಸಮತಲದಲ್ಲಿರುವುದರಿಂದ ಜೇನುಹಟ್ಟಿಯಂತೆ ಷಟ್ಕೋನಗಳ ಹಾಳೆ ಏರ್ಪಡುತ್ತದೆ. ಹಾಳೆಯೊಳಗಿನ ಅಂತರ ೦.೧೪೨ ನ್ಯಾನೊಮೀಟರು, ವಜ್ರದ ಬಂಧಕ್ಕಿಂತಲೂ ಗಿಡ್ಡ, ಆದಕಾರಣ ಅದಕ್ಕಿಂತಲೂ ಬಲವಾದುದು. ಇದನ್ನು ಗಮನಿಸಬೇಕು. ಗ್ರಾಫೈಟು ಮೃದುವೆಂದ ಮಾತ್ರಕ್ಕೆ ಅದರ ಬಂಧಗಳೆಲ್ಲ ದುರ್ಬಲವೆಂದು ಮಕ್ಕಳು ತಿಳಿಯುತ್ತಾರೆ. ದುರ್ಬಲವಾದುದು ಹಾಳೆ ಹಾಳೆಗಳ ನಡುವಣ ಆಕರ್ಷಣೆ ಮಾತ್ರ. ಅಲ್ಲಿ ಅಂತರ ೦.೩೩೫ ನ್ಯಾನೊಮೀಟರಿನಷ್ಟಿದೆ. ಈ ಸಡಿಲಿಕೆಯಿಂದಾಗಿ ವಜ್ರದ ಸಾಂದ್ರತೆ ೩.೫೧ ಇದ್ದರೆ ಗ್ರಾಫೈಟಿನದು ೨.೨೬ ಮಾತ್ರ. ನಾಲ್ಕನೆಯ ಎಲೆಕ್ಟ್ರಾನು ಯಾರೊಬ್ಬರಿಗೂ ಸೇರದೆ ಇಡೀ ಹಾಳೆಯ ಮೇಲೆ ಸಂಚರಿಸುತ್ತದೆ. ವಿದ್ಯುತ್ತು ಹರಿಯುವುದೂ, ಬಿದ್ದ ಬೆಳಕೆಲ್ಲ ಹೀರಲ್ಪಟ್ಟು ವಸ್ತು ಕಪ್ಪಗೆ ಕಾಣುವುದೂ ಇದರಿಂದಲೇ. ಒಂದೇ ಹರಳಿನಲ್ಲಿ ಹಾಳೆಯ ಉದ್ದಕ್ಕೆ ಹರಿಯುವ ವಿದ್ಯುತ್ತು ಹಾಳೆಯಿಂದ ಹಾಳೆಗೆ ಹರಿಯುವುದಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು ಸುಲಭ. ಈ ರಚನೆಯನ್ನು ೧೯೨೪ರಲ್ಲಿ ನಿರ್ಧರಿಸಿದವನು ಬರ್ನಾಲ್.

ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ ಗ್ರಾಫೈಟು ಜಾರುಪುಡಿಯಾಗಿ ಒದಗುತ್ತದೆಂದು ಪಠ್ಯಗಳು ಹೇಳುತ್ತವೆ. ಇದು ಅರ್ಧ ಸತ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ಅತಿ ಎತ್ತರದಲ್ಲಿ ಹಾರತೊಡಗಿದಾಗ ಅವುಗಳ ವಿದ್ಯುಜ್ಜನಕಗಳಲ್ಲಿದ್ದ ಇಂಗಾಲದ ಬ್ರಷ್ಷುಗಳು ಬಹುಬೇಗ ಸವೆದು ಪುಡಿಯಾಗತೊಡಗಿದವು. ನೆಲದ ಮೇಲೆ ಬಹುಕಾಲ ಬಾಳುತ್ತಿದ್ದ ಅದೇ ಬ್ರಷ್ಷು ಅಲ್ಲಿ ನಿಲ್ಲಲಿಲ್ಲ. ಪರಿಶೋಧಿಸಿದಾಗ ತಿಳಿದುಬಂದುದು ಇಷ್ಟು: ಎತ್ತರದ ಗಾಳಿಯಲ್ಲಿ ತೇವವಿಲ್ಲ. ಗ್ರಾಫೈಟು ಜಾರಬೇಕಾದರೆ ಅದರ ಮೇಲ್ಮೈಗೆ ಅಂಟಿಕೊಂಡ ನೀರಿನ ಆವಿಯ ತೆಳುಪದರ ಅವಶ್ಯಕ. ಈ ಕಾರಣದಿಂದಲೇ ನಿರ್ವಾತದಲ್ಲಿ ಕೆಲಸ ಮಾಡಬೇಕಾದ ಬಾಹ್ಯಾಕಾಶದ ಉಪಕರಣಗಳಿಗೆ ಗ್ರಾಫೈಟಿನ ಬದಲು ಮಾಲಿಬ್ಡಿನಮ್ ಡೈಸಲ್ಫೈಡನ್ನು ಬಳಸುತ್ತಾರೆ. ರಚನೆಯ ಚಿತ್ರವೊಂದರಿಂದಲೇ ಗುಣವನ್ನೆಲ್ಲ ಊಹಿಸಿಬಿಡಬಹುದೆಂಬ ನಮ್ಮ ಆತುರಕ್ಕೆ ಈ ಬ್ರಷ್ಷಿನ ಕಥೆ ಒಳ್ಳೆಯ ಮದ್ದು. ಶಿಕ್ಷಕ ಬಂಧುಗಳು ಇದನ್ನು ತರಗತಿಯಲ್ಲಿ ತಪ್ಪದೆ ಹೇಳಬೇಕೆಂದು ನನ್ನ ಬಿನ್ನಹ.

ಗ್ರಾಫೈಟಿನ ಉಪಯೋಗಗಳು ಅಸಂಖ್ಯ. ೧೭೯೫ರಲ್ಲಿ ಫ್ರಾನ್ಸಿನ ಕಾಂಟೆ ಎಂಬವನು ಗ್ರಾಫೈಟಿನ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ ಸುಟ್ಟು ಪೆನ್ಸಿಲ್ ಮಾಡುವ ಕ್ರಮವನ್ನು ತಂದನು. ಮಣ್ಣು ಹೆಚ್ಚಿದಷ್ಟೂ ಪೆನ್ಸಿಲು ಗಡುಸು. ಕರಗದ ಗುಣದಿಂದ ಲೋಹ ಕರಗಿಸುವ ಮೂಸೆಗೆ ಬಂದಿತು. ವಿದ್ಯುತ್ ಕುಲುಮೆಯ ಧ್ರುವಗಳಿಗೂ ಶುಷ್ಕಕೋಶದ ನಡುವಣ ಕಡ್ಡಿಗೂ ಬಂದಿತು. ೧೯೪೨ರ ಡಿಸೆಂಬರ್ ೨ರಂದು ಷಿಕಾಗೋದಲ್ಲಿ ಫರ್ಮಿಯ ನೇತೃತ್ವದಲ್ಲಿ ನಡೆದ ಮೊದಲ ಪರಮಾಣು ಕ್ರಿಯಾಕಾರಿಯಲ್ಲಿ ನ್ಯೂಟ್ರಾನುಗಳ ವೇಗವನ್ನು ತಗ್ಗಿಸಿದ್ದು ಗ್ರಾಫೈಟಿನ ಇಟ್ಟಿಗೆಗಳೇ. ಇಂದು ಪ್ರತಿಯೊಬ್ಬರ ಕಿಸೆಯ ದೂರವಾಣಿಯ ಲಿಥಿಯಮ್ ಬ್ಯಾಟರಿಯೊಳಗೂ ಗ್ರಾಫೈಟಿದೆ. ಬ್ಯಾಟರಿಗೆ ವಿದ್ಯುತ್ ತುಂಬುವಾಗ ಲಿಥಿಯಮ್ ಅಯಾನುಗಳು ಹಾಳೆಗಳ ಸಂದುಗಳಲ್ಲಿ ಹೋಗಿ ತಂಗುತ್ತವೆ, ಬಳಸುವಾಗ ಹೊರಡುತ್ತವೆ.

ವಜ್ರ ಮತ್ತು ಗ್ರಾಫೈಟುಗಳಲ್ಲಿ ಹೆಚ್ಚು ಸ್ಥಿರವಾದುದು ಯಾವುದು? ವಜ್ರವೆಂದು ಯಾರಾದರೂ ಹೇಳಿಯಾರು. ವಾಸ್ತವವಾಗಿ ಭೂಮಟ್ಟದ ಒತ್ತಡದಲ್ಲಿ ಸ್ಥಿರವಾದ ರೂಪ ಗ್ರಾಫೈಟೇ. ಉಂಗುರದ ವಜ್ರ ಗ್ರಾಫೈಟಾಗದೆ ಉಳಿದಿರುವುದು, ಬಂಧಗಳನ್ನು ಮುರಿದು ಹೊಸದಾಗಿ ಜೋಡಿಸಲು ಬೇಕಾದ ಶಕ್ತಿ ಅದಕ್ಕೆ ದೊರೆಯದಿರುವುದರಿಂದ. ಗಾಳಿಯಿಲ್ಲದ ಕಡೆ ಸುಮಾರು ೧೫೦೦ ಡಿಗ್ರಿಗೂ ಮೇಲೆ ಕಾಯಿಸಿದರೆ ವಜ್ರ ಗ್ರಾಫೈಟಾಗುತ್ತದೆ. ಇದನ್ನು ಹಿಂದುಮುಂದಾಗಿಸಿ ಗ್ರಾಫೈಟನ್ನು ವಜ್ರವಾಗಿಸಲು ಭೂಮಟ್ಟದ ವಾಯುವಿನ ಒತ್ತಡದ ಐವತ್ತು ಸಾವಿರ ಪಟ್ಟಿಗೆ ಸಮನಾದ ಒತ್ತಡ, ಕರಗಿದ ಕಬ್ಬಿಣ ಅಥವಾ ನಿಕ್ಕಲಿನ ಸಹಾಯ ಬೇಕು. ಅಮೆರಿಕದಲ್ಲಿ ೧೯೫೪ರ ಡಿಸೆಂಬರಿನಲ್ಲಿ ಟ್ರೇಸಿ ಹಾಲ್ ಇದನ್ನು ಸಾಧಿಸಿದನು. ಈಗ ಮೀಥೇನ್ ಅನಿಲದಿಂದಲೇ ಪದರಪದರವಾಗಿ ವಜ್ರವನ್ನು ಬೆಳೆಸುವ ವಿಧಾನವೂ ಬಂದಿದೆ. ಸೂರತ್ ಈ ಉದ್ಯಮದ ಒಂದು ಕೇಂದ್ರ. ಆಭರಣವನ್ನು ಬಿಟ್ಟರೆ, ಕೊಳವೆಬಾವಿ ಕೊರೆಯುವ, ಗಾಜು ಕೊಯ್ಯುವ, ಕಲ್ಲು ಸೀಳುವ ಉಪಕರಣಗಳಲ್ಲಿ ದುಡಿಯುವ ವಜ್ರಗಳೆಲ್ಲ ಬಹುತೇಕ ಹೀಗೆ ಮಾಡಿದವೇ.

ಈ ಎರಡು ಮಾನ್ಯ ರೂಪಗಳ ನೆರಳಿನಲ್ಲಿ ಇದ್ದಿಲು ಮತ್ತು ಹೊಗೆಮಸಿಗಳನ್ನು ಪಠ್ಯಗಳು ಅಸ್ಫಟಿಕ ಇಂಗಾಲವೆಂದು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ಮನುಷ್ಯನಿಗೆ ಬಹುಕಾಲ ಒದಗಿದ್ದು ಈ ಬಡರೂಪಗಳೇ ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ನ್ಯಾಯ. ಇವುಗಳಲ್ಲಿಯೂ ಷಟ್ಕೋನದ ಹಾಳೆಗಳ ಚೂರುಗಳಿವೆ. ಆದರೆ ಅವು ಬಹು ಚಿಕ್ಕವು, ಸೊಟ್ಟವು, ಕ್ರಮವಿಲ್ಲದೆ ಒಟ್ಟಿದವು.

ನಮ್ಮ ಪೂರ್ವಿಕರು ಬರೆಯಲು ನೆಚ್ಚಿದ್ದು ಇಂಗಾಲವನ್ನೇ. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿಯೋ ಸೊಪ್ಪಿನ ರಸದಲ್ಲಿಯೋ ಕಲಸಿ ಗರಿಗೆ ಸವರಿ ಒರೆಸಿದರೆ ಮಸಿ ಗೀರುಗಳೊಳಗೆ ನಿಂತು ಅಕ್ಷರ ಮೂಡುತ್ತದೆ. ಇಂಗಾಲವನ್ನು ಬೆಳಕು ಮಾಸಿಸದು, ಗಾಳಿ ಕೆಡಿಸದು, ಆಮ್ಲ ಕ್ಷಾರಗಳು ಮುಟ್ಟವು. ಯುರೋಪಿನಲ್ಲಿ ಬಳಕೆಯಲ್ಲಿದ್ದ ಕಬ್ಬಿಣದ ಲವಣದ ಶಾಯಿ ತಾನು ಬರೆದ ಕಾಗದವನ್ನೇ ಕಾಲಕ್ರಮದಲ್ಲಿ ತಿಂದುಹಾಕುತ್ತದೆ. ಓಲೆಗರಿ ಗೆದ್ದಲಿಗೆ ಹೋಗಬಹುದು, ಅದರ ಮಸಿ ಮಾತ್ರ ಗರಿಗೆ ದ್ರೋಹ ಬಗೆಯುವುದಿಲ್ಲ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ಕುಳಿತು ಮನೆಮನೆಗಳ ಓಲೆಗರಿಯ ಕಟ್ಟುಗಳನ್ನು ಸಂಗ್ರಹಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದಾಗ, ಶತಮಾನಗಳನ್ನು ದಾಟಿ ಅವರ ಕೈಗೆ ಮುಟ್ಟಿದ ಅಕ್ಷರಗಳು ಇಂಥ ದೀಪದ ಮಸಿಯಲ್ಲಿ ನಿಂತಿದ್ದವು. ನಮ್ಮಲ್ಲಿಯೇ ಮತ್ತೊಂದು ಕ್ರಮವೂ ಇತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಕರಿಯ ಹಾಳೆ ಮಾಡಿ ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಲೆಕ್ಕಪತ್ರಗಳಿಗೆ ಬಳಕೆಯಾದ ಈ ಮಡಿಕೆಗಳಿಗೆ ಕಡತವೆಂದು ಹೆಸರು. ಇಂದಿನ ಕಚೇರಿಯ ಕಡತದಲ್ಲಿ ಆ ಹೆಸರು ಮಾತ್ರ ಉಳಿದಿದೆ, ಇದ್ದಿಲು ಹೋಗಿದೆ.

ಕಮ್ಮಾರನ ಕುಲುಮೆಯಲ್ಲಿ ಇದ್ದಿಲು ಎರಡು ಕೆಲಸ ಮಾಡುತ್ತದೆ. ಉರಿಯುವುದು ಒಂದು, ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಬಿಡಿಸುವುದು ಇನ್ನೊಂದು. ಇದಲ್ಲದೆ ಇಂಗಾಲ ಕಬ್ಬಿಣದೊಳಕ್ಕೂ ಸೇರುತ್ತದೆ. ಸೇರಿದ್ದು ಅತ್ಯಲ್ಪವಾದರೆ ಮೆದುಕಬ್ಬಿಣ, ನೂರಕ್ಕೆ ಎರಡು ಭಾಗದವರೆಗೆ ಉಕ್ಕು, ಅದಕ್ಕೂ ಮೀರಿದರೆ ಪೆಡಸಾದ ಬೀಡು. ಮೈಸೂರು ಸೀಮೆಯಲ್ಲಿ ೧೮೦೦-೦೧ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿನವರು ಮೆದುಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿ ಹಾಗೂ ಹಸಿಯೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ. ಕಡ್ಡಿ ಎಲೆಗಳು ಕರಿದು ಇಂಗಾಲವಾಗಿ ಕಬ್ಬಿಣದೊಳಗೆ ಸೇರುತ್ತಿದ್ದುವು. ಯುರೋಪಿನವರು ವೂಟ್ಜ್ ಎಂದು ಕರೆದ ಉಕ್ಕು ಇದೇ. ಆ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಬಂದಿತೆಂದು ಹಲವರು ವಿದ್ವಾಂಸರ ಮತ. ಇಂಥ ಉಕ್ಕಿನಿಂದ ಮಾಡಿದ ಡಮಾಸ್ಕಸ್ ಕತ್ತಿಗಳಲ್ಲಿ ಒಂದನ್ನು, ಹದಿನೇಳನೆಯ ಶತಮಾನದ್ದನ್ನು, ಜರ್ಮನಿಯ ಡ್ರೆಸ್ಡನ್ನಿನ ವಿಜ್ಞಾನಿಗಳು ೨೦೦೬ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅದರೊಳಗೆ ಇಂಗಾಲದ ಅತಿಸೂಕ್ಷ್ಮ ನಳಿಕೆಗಳು ಕಂಡುವೆಂದು ವರದಿ ಮಾಡಿದರು. ಆ ನಳಿಕೆಗಳ ಪ್ರಸ್ತಾಪ ಮುಂದೆ ಬರುತ್ತದೆ. ನಮ್ಮ ಕಮ್ಮಾರರಿಗೆ ನ್ಯಾನೊವಿಜ್ಞಾನ ಗೊತ್ತಿತ್ತೆಂದು ಇದರಿಂದ ಹೆಮ್ಮೆಪಡುವುದು ಅತಿಯಾದೀತು. ಅವರಿಗೆ ಗೊತ್ತಿದ್ದುದು ಒಳ್ಳೆಯ ಉಕ್ಕು. ಅದೇನು ಸಾಮಾನ್ಯವೆ?

ಭದ್ರಾವತಿಯ ಕಾರ್ಖಾನೆಯೂ ಇದ್ದಿಲಿನ ಮೇಲೆಯೇ ಹುಟ್ಟಿದ್ದು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲದ ಕಾರಣ ೧೯೨೩ರಲ್ಲಿ ಅಲ್ಲಿನ ಊದುಕುಲುಮೆ ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ತೆಗೆಯಲು ಆರಂಭಿಸಿತು. ಗಾಳಿ ಸೋಕದಂತೆ ಮರವನ್ನು ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಹೊಗೆಯನ್ನು ತಣಿಸಿ ಮೀಥೈಲ್ ಆಲ್ಕೊಹಾಲು, ಅಸಿಟೇಟು, ಟಾರುಗಳನ್ನು ಸಹ ಪಡೆಯುತ್ತಿದ್ದರು.

ಇದ್ದಿಲನ್ನು ಹಬೆಯಲ್ಲಿ ಮತ್ತೆ ಕಾಯಿಸಿದರೆ ಅದರಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮರಂಧ್ರಗಳು ತೆರೆದುಕೊಳ್ಳುತ್ತವೆ. ಇದು ಪಟುಗೊಳಿಸಿದ ಇದ್ದಿಲು. ಇಂಥ ಒಂದು ಗ್ರಾಮಿನ ಒಳಮೈಯನ್ನು ಹರವಿದರೆ ಸಾವಿರ ಚದರ ಮೀಟರಿನಷ್ಟಾಗುತ್ತದೆ, ಎಂದರೆ ಹತ್ತು ಗುಂಟೆ ಹೊಲ! ಬಣ್ಣ, ವಾಸನೆ, ವಿಷಗಳ ಅಣುಗಳು ಆ ಮೈಗೆ ಅಂಟಿಕೊಂಡು ನಿಲ್ಲುತ್ತವೆ. ತೆಂಗಿನ ಕರಟದ ಇದ್ದಿಲು ಇದಕ್ಕೆ ಶ್ರೇಷ್ಠವೆನಿಸಿದೆ. ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನಿಂದ ಸೈನಿಕರನ್ನು ಕಾಯ್ದ ಮುಖವಾಡಗಳಲ್ಲಿ ಇದ್ದುದು ಇದೇ. ಮನೆಯ ನೀರು ಶೋಧಿಸುವ ಯಂತ್ರದಲ್ಲಿ, ವಿಷ ಸೇವಿಸಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಕರಿಯ ಪುಡಿಯಲ್ಲಿ ಇಂದು ಇರುವುದೂ ಇದೇ. ಹೊಗೆಮಸಿ ಟೈರಿನ ರಬ್ಬರಿಗೆ ಬಲ ಕೊಡುತ್ತದೆ. ಆದರೆ ಸೌದೆಯ ಒಲೆಯ ಮುಂದೆ ಕುಳಿತ ತಾಯಂದಿರ ಶ್ವಾಸಕೋಶವನ್ನು ಸೇರುವ ಮಸಿಯೂ ಇಂಗಾಲವೇ ಎಂಬುದನ್ನು ಮರೆಯಬಾರದು. ಉಪಯೋಗಗಳ ಪಟ್ಟಿಯ ಪಕ್ಕದಲ್ಲಿ ಇದೂ ಇರಬೇಕು.

ಇದ್ದಿಲು ಕಾಲವನ್ನೂ ಹೇಳುತ್ತದೆ. ಜೀವಿಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಇಂಗಾಲ-೧೪ ಎಂಬ ಸಮಸ್ಥಾನಿ, ಜೀವ ಹೋದ ಮೇಲೆ ೫೭೩೦ ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ೧೯೪೯ರಲ್ಲಿ ಲಿಬ್ಬಿ ಇದನ್ನು ಕಾಲಗಣನೆಗೆ ಬಳಸಿ ತೋರಿಸಿದನು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ಸುಟ್ಟ ರಾಶಿಗಳೆಂದೂ, ನಾಲ್ಕೈದು ಸಾವಿರ ವರ್ಷ ಹಳೆಯವೆಂದೂ ಹೇಳಲು ಅಂಥ ನೆಲೆಗಳ ಇದ್ದಿಲ ಚೂರುಗಳು ನೆರವಾಗಿವೆ. ಸಮಸ್ಥಾನಿಯು ಬಹುರೂಪವಲ್ಲ, ಒಂದರಲ್ಲಿ ಪರಮಾಣುವಿನ ತೂಕ ಬೇರೆ, ಇನ್ನೊಂದರಲ್ಲಿ ಜೋಡಣೆ ಬೇರೆ. ವಿದ್ಯಾರ್ಥಿಗಳು ಇವೆರಡನ್ನು ಕಲಸಿಕೊಳ್ಳುವುದರಿಂದ ಇಷ್ಟು ಹೇಳಿದೆ.

೧೯೮೫ರವರೆಗೆ ಇಂಗಾಲದ ಅಧ್ಯಾಯ ಇಲ್ಲಿಗೆ ಮುಗಿಯುತ್ತಿತ್ತು. ಆ ವರ್ಷ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ರೋಟೊ, ಸ್ಮಾಲಿ, ಕರ್ಲ್ ಎಂಬ ಮೂವರು ನಕ್ಷತ್ರಗಳ ಸುತ್ತ ಹುಟ್ಟುವ ಇಂಗಾಲದ ಸರಪಣಿಗಳನ್ನು ತಿಳಿಯಲೆಂದು ಗ್ರಾಫೈಟಿಗೆ ಲೇಸರ್ ಕಿರಣ ಹಾಯಿಸಿದರು. ಹುಡುಕಿದ್ದು ಒಂದು, ಸಿಕ್ಕಿದ್ದು ಮತ್ತೊಂದು. ಸರಿಯಾಗಿ ಅರುವತ್ತು ಪರಮಾಣುಗಳ ಗುಂಪು ಮತ್ತೆ ಮತ್ತೆ ಕಂಡಿತು. ಅರುವತ್ತೇ ಏಕೆ? ಸ್ಮಾ‌ಲಿ ಒಂದು ರಾತ್ರಿ ಕಾಗದದ ಷಟ್ಕೋನ, ಪಂಚಕೋನಗಳನ್ನು ಕತ್ತರಿಸಿ ಅಂಟಿಸುತ್ತ ಕುಳಿತನು. ಷಟ್ಕೋನಗಳಷ್ಟೇ ಇದ್ದರೆ ಹಾಳೆ ಚಪ್ಪಟೆಯಾಗಿ ಹರಡುತ್ತದೆ. ಪಂಚಕೋನಗಳನ್ನು ನಡುನಡುವೆ ಸೇರಿಸಿದರೆ ಬಾಗುತ್ತದೆ. ಹನ್ನೆರಡು ಪಂಚಕೋನ, ಇಪ್ಪತ್ತು ಷಟ್ಕೋನ ಸೇರಿದಾಗ ಅರುವತ್ತು ಮೂಲೆಗಳ ಮುಚ್ಚಿದ ಗೋಳವಾಯಿತು. ಮಕ್ಕಳು ಮೈದಾನದಲ್ಲಿ ಒದೆಯುವ ಕಾಲ್ಚೆಂಡಿನ ಹೊಲಿಗೆಯೂ ಇದೇ. ಇಂಥ ಗುಮ್ಮಟಗಳನ್ನು ಕಟ್ಟಿಸಿದ ಬಕ್‌ಮಿನ್‌ಸ್ಟರ್ ಫುಲ್ಲರನ ಸ್ಮರಣಾರ್ಥ ಇದಕ್ಕೆ ಫುಲ್ಲರೀನ್ ಎಂದು ಹೆಸರಾಯಿತು. ೧೯೯೦ರಲ್ಲಿ ಕ್ರೆಚ್‌ಮರ್ ಮತ್ತು ಹಫ್‌ಮನ್ ಹೀಲಿಯಮ್ ಅನಿಲದಲ್ಲಿ ಗ್ರಾಫೈಟನ್ನು ಆವಿಮಾಡಿ, ಬಂದ ಮಸಿಯನ್ನು ಬೆಂಜೀನಿನಲ್ಲಿ ಅಲುಗಿಸಿದಾಗ ದ್ರವ ಕೆಂಪೇರಿತು. ಮಸಿಯೊಳಗಿದ್ದ ಫುಲ್ಲರೀನ್ ಕರಗಿತ್ತು. ವಜ್ರವಾಗಲಿ ಗ್ರಾಫೈಟಾಗಲಿ ಯಾವ ಸಾಮಾನ್ಯ ದ್ರವದಲ್ಲಿಯೂ ಕರಗವು. ಮೂವರಿಗೂ ೧೯೯೬ರ ನೊಬೆಲ್ ಬಹುಮಾನ ಬಂದಿತು.

ಅನಂತರ ೧೯೯೧ರಲ್ಲಿ ಜಪಾನಿನ ಇಜಿಮಾ ಗ್ರಾಫೈಟಿನ ಹಾಳೆಯನ್ನು ಚಾಪೆಯಂತೆ ಸುರುಳಿ ಸುತ್ತಿದ ನಳಿಕೆಗಳನ್ನು ವರ್ಣಿಸಿದನು. ಇವುಗಳ ವಿಚಿತ್ರವೆಂದರೆ ಸುರುಳಿಯನ್ನು ನೇರವಾಗಿ ಸುತ್ತಿದೆಯೋ ಓರೆಯಾಗಿ ಸುತ್ತಿದೆಯೋ ಎಂಬುದರ ಮೇಲೆ ನಳಿಕೆ ಲೋಹದಂತೆ ವರ್ತಿಸುವುದೋ ಅರೆವಾಹಕದಂತೆ ವರ್ತಿಸುವುದೋ ನಿರ್ಧಾರವಾಗುತ್ತದೆ. ೨೦೦೪ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿಯನ್ನು ಗ್ರಾಫೈಟಿಗೆ ಒತ್ತಿ ಕಿತ್ತು, ಕಿತ್ತದ್ದನ್ನು ಮತ್ತೆ ಮತ್ತೆ ಕಿತ್ತು, ಕೊನೆಗೆ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು ಪ್ರತ್ಯೇಕಿಸಿದರು. ಅದೇ ಗ್ರಾಫೀನ್. ಬೀಳುವ ಬೆಳಕಿನಲ್ಲಿ ಅದು ಹೀರುವುದು ನೂರಕ್ಕೆ ೨.೩ ಭಾಗ ಮಾತ್ರ. ಒಂದು ಚದರ ಮೀಟರು ಹಾಳೆಯ ತೂಕ ಒಂದು ಮಿಲಿಗ್ರಾಮನ್ನೂ ಮುಟ್ಟದು. ೨೦೧೦ರಲ್ಲಿ ಅವರಿಗೂ ನೊಬೆಲ್ ಬಹುಮಾನ ದೊರೆಯಿತು. ಇವುಗಳಿಂದ ಜಗತ್ತೇ ಬದಲಾದೀತೆಂದು ಪತ್ರಿಕೆಗಳು ಬರೆದಷ್ಟು ಬೇಗ ಜಗತ್ತು ಬದಲಾಗಿಲ್ಲ. ದೊಡ್ಡ ಪ್ರಮಾಣದಲ್ಲಿ ದೋಷವಿಲ್ಲದ ಹಾಳೆಯನ್ನು ಅಗ್ಗವಾಗಿ ಮಾಡುವುದು ಕಷ್ಟ. ಬ್ಯಾಟರಿ, ಲೇಪ, ಸಂವೇದಕಗಳಲ್ಲಿ ಅವು ನಿಧಾನವಾಗಿ ಸ್ಥಾನ ಪಡೆಯುತ್ತಿವೆ.

ಈ ಅಧ್ಯಾಯದಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. ಸಿ. ಎನ್. ಆರ್. ರಾವ್ ಅವರು ಮತ್ತು ಅವರ ಶಿಷ್ಯರು ಫುಲ್ಲರೀನ್, ನಳಿಕೆ, ಗ್ರಾಫೀನುಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದ್ದಾರೆ. ನಳಿಕೆಗಳ ಮೇಲೆ ದ್ರವ ಹರಿದರೆ ವಿದ್ಯುತ್ತು ಹುಟ್ಟುತ್ತದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಎ. ಕೆ. ಸೂದ್ ಮತ್ತು ಸಂಗಡಿಗರು ೨೦೦೩ರಲ್ಲಿ ತೋರಿಸಿದರು. ಅದಕ್ಕೂ ಹಿಂದೆ ಸರ್ ಸಿ. ವಿ. ರಾಮನ್ನರಿಗೆ ವಜ್ರವೆಂದರೆ ಪ್ರಾಣ. ನೂರಾರು ವಜ್ರಗಳನ್ನು ಕೂಡಿಸಿ, ಆಭರಣಕ್ಕಲ್ಲದೆ ಬೆಳಕಿನ ಅಧ್ಯಯನಕ್ಕೆ ಬಳಸಿದರು. ಅವುಗಳ ರಚನೆಯ ಕುರಿತು ಅವರು ತಾಳಿದ ಕೆಲವು ಅಭಿಪ್ರಾಯಗಳನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಮ್ಯಾಕ್ಸ್ ಬಾರ್ನ್‌ರೊಡನೆ ದೀರ್ಘ ವಾದವೇ ನಡೆಯಿತು. ಆದರೆ ಅವರ ಹೆಸರಿನ ಪರಿಣಾಮವಿಲ್ಲದೆ ಇಂದು ಇಂಗಾಲದ ಯಾವ ಪ್ರಯೋಗಶಾಲೆಯೂ ನಡೆಯುವುದಿಲ್ಲ. ಲೇಸರ್ ಬೆಳಕನ್ನು ಹಾಯಿಸಿ ಚದರಿದ ಬೆಳಕನ್ನು ಅಳೆದರೆ ವಜ್ರ ೧೩೩೨ ಎಂಬ ಸಂಖ್ಯೆಯಲ್ಲಿ, ಗ್ರಾಫೈಟು ಸುಮಾರು ೧೫೮೦ರಲ್ಲಿ ತನ್ನ ಗುರುತು ಹೇಳುತ್ತದೆ. ಹಾಳೆ ಒಂದೇ ಪದರದ್ದೋ ಹಲವು ಪದರದ್ದೋ ಎಂಬುದೂ ರಾಮನ್ ರೋಹಿತದಿಂದಲೇ ತಿಳಿಯುತ್ತದೆ.

ಕಡೆಯಲ್ಲಿ ಶಿಕ್ಷಕ ಬಂಧುಗಳಿಗೆ ಕೆಲವು ಪ್ರಯೋಗಗಳು. ವಜ್ರವನ್ನು ಯಾವ ಶಾಲೆಯೂ ಕೊಳ್ಳಬೇಕಾಗಿಲ್ಲ. ಜೇಡಿಮಣ್ಣಿನ ಗೋಲಿಗಳೂ ತೆಂಗಿನ ಗರಿಯ ಕಡ್ಡಿಗಳೂ ಇದ್ದರೆ ವಜ್ರದ ಬಲೆಯನ್ನೂ ಗ್ರಾಫೈಟಿನ ಹಾಳೆಗಳನ್ನೂ ಮಕ್ಕಳೇ ಕಟ್ಟಬಲ್ಲರು. ಕಟ್ಟಿದ ಮೇಲೆ ಎರಡನ್ನೂ ಕೈಯಿಂದ ಅದುಮಿ ನೋಡಲಿ. ೬ಬಿ ಎಂಬ ಮೆದು ಜಾತಿಯ ಪೆನ್ಸಿಲಿನ ಎರಡೂ ತುದಿಗಳನ್ನು ಕೆತ್ತಿ ಎರಡು ಮೂರು ಶುಷ್ಕಕೋಶಗಳಿಗೂ ಚಿಕ್ಕ ಬಲ್ಬಿಗೂ ಜೋಡಿಸಿದರೆ ಮಂದವಾಗಿ ಬೆಳಗುತ್ತದೆ. ಗಡುಸು ಜಾತಿಯದನ್ನು ಜೋಡಿಸಿ ಬೆಳಕು ಏಕೆ ಕುಂದಿತೆಂದು ಕೇಳಬೇಕು. ಶಾಯಿಯ ಹನಿ ಬೆರೆಸಿದ ನೀರನ್ನು ಪುಡಿಮಾಡಿದ ಕರಟದ ಇದ್ದಿಲಿನೊಡನೆ ಚೆನ್ನಾಗಿ ಕುಲುಕಿ ಬಟ್ಟೆಯಲ್ಲಿ ಸೋಸಿದರೆ ಬಣ್ಣ ತಗ್ಗಿರುವುದು ಕಾಣುತ್ತದೆ. ಮೊದಲು ಬರುವ ನೀರಿನಲ್ಲಿ ಇದ್ದಿಲ ಪುಡಿಯೇ ತೇಲಿಬರುವುದರಿಂದ ಅದನ್ನು ಚೆಲ್ಲಿ ಎರಡನೆಯ ಬಾರಿ ಸೋಸಬೇಕು. ಇನ್ನು ಕಾಗದದ ಮೇಲೆ ಪೆನ್ಸಿಲನ್ನು ದಟ್ಟವಾಗಿ ಉಜ್ಜಿ, ಅಂಟುಪಟ್ಟಿಯನ್ನು ಒತ್ತಿ ಕಿತ್ತು, ಅದನ್ನು ಮತ್ತೊಂದು ಪಟ್ಟಿಗೆ ಒತ್ತಿ ಕಿತ್ತು, ಹೀಗೆ ಏಳೆಂಟು ಬಾರಿ ಮಾಡಿದರೆ ಕಪ್ಪು ಕ್ರಮೇಣ ಬೂದಿಬಣ್ಣಕ್ಕೆ ತಿರುಗಿ, ಕಡೆಗೆ ಪಟ್ಟಿಯ ಮೇಲೆ ಏನೂ ಇಲ್ಲವೆಂಬಂತೆ ತೋರುತ್ತದೆ. ಏನಾದರೂ ಉಳಿದಿದೆಯೇ ಎಂದು ಮಕ್ಕಳನ್ನು ಕೇಳಿ, ಉತ್ತರ ಹೇಳದೆ, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಲು ಅವರ ಕೈಗೇ ಕೊಡಬೇಕು.